ಹಾಸಿಗೆಯಡಿಯ ಕುಂಬು

ಹಳೆಯ ಮೋಟಾರ್‌ಹೋಮಿನ ಜಾತಕ ನೋಡಬೇಕಾದರೆ ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಮಲಗುವ ಅಟ್ಟಕ್ಕೆ ಹತ್ತಬೇಕು. ಅಲ್ಲಿನ ಹಾಸಿಗೆ ಎತ್ತಿ, ಮುಂದಿನ ಮೂಲೆಯ ಹಲಗೆಗೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಬೇಕು. ಮರ ಗಟ್ಟಿಯಾಗಿದ್ದರೆ ತುದಿ ಅಲ್ಲೇ ತಡೆದು ನಿಲ್ಲುತ್ತದೆ. ಕುಂಬಾಗಿದ್ದರೆ ಸದ್ದಿಲ್ಲದೆ ಒಳಗಿಳಿಯುತ್ತದೆ, ಹೊರಗೆಳೆದಾಗ ಒದ್ದೆ ಕಾಫಿ ಚರಟದಂಥ ಪುಡಿ ಅಂಟಿಕೊಂಡು ಬರುತ್ತದೆ. ಮೂಗಿಗೆ ಬೂಷ್ಟಿನ ವಾಸನೆ ಬಡಿಯುತ್ತದೆ. ಹೊಸ ಟೈರು, ಸದ್ದಿಲ್ಲದೆ ಓಡುವ ಎಂಜಿನ್, ಒಗೆದು ಹಾಕಿದ ಪರದೆ ಎಲ್ಲವನ್ನೂ ನೋಡಿ ಮೆಚ್ಚಿದ್ದವರು ಆ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡುತ್ತ ಸುಮ್ಮನಾಗುತ್ತಾರೆ.

ಅಮೆರಿಕದಲ್ಲಿ 1970 ಮತ್ತು 80ರ ದಶಕಗಳಲ್ಲಿ ತಯಾರಾದ, ವ್ಯಾನ್ ಇಲ್ಲವೇ ಪಿಕಪ್ ಚಾಸಿಯ ಮೇಲೆ ಮನೆ ಕೂರಿಸಿದ ಗಾಡಿಗಳಲ್ಲಿ ಬಹುಪಾಲಿನ ಕಥೆ ಇದು. ಅವುಗಳ ಗೋಡೆ ಕಟ್ಟಿದ ಬಗೆ ತಿಳಿದರೆ ಕಾಯಿಲೆಯೂ ತಿಳಿಯುತ್ತದೆ. ಒಂದೂವರೆ ಅಂಗುಲ ದಪ್ಪದ ರೀಪರುಗಳನ್ನು ಸ್ಟೇಪಲ್ ಪಿನ್ನಿನಿಂದ ಹೊಡೆದು ಮಾಡಿದ ಚೌಕಟ್ಟು. ನಡುವೆ ಗಾಜಿನ ನಾರಿನ ಉಣ್ಣೆ. ಹೊರಗೆ ತೆಳ್ಳಗಿನ ಅಲ್ಯೂಮಿನಿಯಂ ತಗಡು, ಒಳಗೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದ ಅಂಟಿಸಿದ 3 ಮಿಲಿಮೀಟರ್ ಆಸುಪಾಸಿನ ಪ್ಲೈವುಡ್. ಆ ಪ್ಲೈವುಡ್‌ಗೆ ಅಲ್ಲಿನವರು ಲುವಾನ್ ಎನ್ನುತ್ತಾರೆ. ಆಗ್ನೇಯ ಏಷ್ಯಾದ ಕಾಡುಗಳಿಂದ ಬಂದ ಮರ, ನಮ್ಮ ಪಶ್ಚಿಮ ಘಟ್ಟದ ಸಾಲುಧೂಪದ ಕುಟುಂಬಕ್ಕೇ ಸೇರಿದ್ದು. ಹಗುರ, ಅಗ್ಗ, ಬಾಗಿಸಲು ಸುಲಭ. ನೀರು ಮುಟ್ಟಿದರೆ ಮಾತ್ರ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ನೀರು ಬರುವುದೆಲ್ಲಿಂದ? ಅಟ್ಟದ ಮೂತಿಯನ್ನೇ ನೋಡಿ. 80 ಅಂಗುಲ ಅಥವಾ ಅದಕ್ಕಿಂತ ಅಗಲದ ವಾಹನದ ನೆತ್ತಿಯ ಮೇಲೆ ಮುಂದೆ ಐದು ದೀಪಗಳಿರಬೇಕು, ನಡುವೆ ಮೂರು, ಅಂಚಿಗೊಂದರಂತೆ ಎರಡು ಎಂಬುದು ಅಲ್ಲಿನ ಕಾನೂನು. ಒಂದೊಂದು ದೀಪಕ್ಕೂ ಸ್ಕ್ರೂ ತೂತುಗಳು, ಜೊತೆಗೆ ವೈರು ಹಾಯಲು ಇನ್ನೊಂದು ತೂತು. ಗಾಡಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಮಳೆಗೆ ಮುಖ ಕೊಟ್ಟು ಓಡುವಾಗ ಗಾಳಿ ಆ ನೀರನ್ನು ಒತ್ತಿ ತುರುಕುತ್ತದೆ. ಅಟ್ಟಕ್ಕೆ ಕೆಳಗಿನಿಂದ ಆಸರೆಯಿಲ್ಲ. ರಸ್ತೆಯ ಪ್ರತಿ ಗುಂಡಿಗೂ ಅದು ಸಣ್ಣಗೆ ತೂಗುತ್ತದೆ, ತೂಗಿದಾಗಲೆಲ್ಲ ಮೂಲೆಯ ಸಂದು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಚಳಿಗಾಲದಲ್ಲಿ ಸಂದಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ಉಬ್ಬಿ ಅದನ್ನು ಮತ್ತಷ್ಟು ಅಗಲಿಸುತ್ತದೆ.

ಆ ಮೂಲೆಯ ಸಂದನ್ನು ಮುಚ್ಚುವುದು ಅಲ್ಯೂಮಿನಿಯಂ ಬೀಡಿಂಗ್. ಅದರಡಿ ಪುಟ್ಟಿಯ ಪಟ್ಟಿಯಿಟ್ಟು, ಮೇಲಿನಿಂದ ಸಾಲಾಗಿ ಸ್ಕ್ರೂ ಹೊಡೆದು, ಸ್ಕ್ರೂಗಳ ತಲೆ ಕಾಣದಂತೆ ವಿನೈಲ್ ಪಟ್ಟಿ ತೂರಿಸಿರುತ್ತಾರೆ. ಹೊಸದರಲ್ಲಿ ಚೊಕ್ಕ ಕೆಲಸವೇ. ಬಿಸಿಲಿಗೆ ವಿನೈಲ್ ಕುಗ್ಗುತ್ತದೆ, ತುದಿಯಲ್ಲಿ ನಾಲ್ಕಾರು ಸ್ಕ್ರೂಗಳು ಬಯಲಾಗಿ ತುಕ್ಕು ಹಿಡಿಯುತ್ತವೆ. ಅಡಿಯ ಪುಟ್ಟಿ ವರ್ಷಗಳು ಕಳೆದಂತೆ ಒಣಗಿ ಸುಣ್ಣದ ಹಾಗೆ ಉದುರುತ್ತದೆ. ಅಲ್ಲಿ ಇಳಿದ ಹನಿ ರೀಪರಿನ ಮೈ ಹಿಡಿದು ಜಾರಿ, ಅಡ್ಡಪಟ್ಟಿಯ ಮೇಲೆ ಹರಿದು, ಎರಡು ಮೂರು ಅಡಿ ದೂರದಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಕಲೆ ಕಂಡಲ್ಲೇ ತೂತು ಹುಡುಕುವವರು ಹತ್ತು ಮಳೆಗಾಲ ಹುಡುಕಿದರೂ ಸಿಗಲಾರದು.

ಮರವನ್ನು ತಿನ್ನುವುದು ನೀರಲ್ಲ, ಶಿಲೀಂಧ್ರ. ಮರದ ತೇವಾಂಶ ಶೇ 20ರ ಒಳಗಿರುವಷ್ಟು ಕಾಲ ಅದು ಬೆಳೆಯಲಾರದು. ಶೇ 30ರ ಹತ್ತಿರ ಹೋದರೆ ಹಬ್ಬ. ಚೌಕಟ್ಟಿಗೆ ಬಳಸುವ ಪೈನ್‌ನಂಥ ಮೆದುಮರಗಳನ್ನು ಹೆಚ್ಚಾಗಿ ಹಿಡಿಯುವ ಜಾತಿಯದು ಸೆಲ್ಯುಲೋಸನ್ನು ತಿಂದು ಕಂದು ಲಿಗ್ನಿನ್ ಮಾತ್ರ ಬಿಡುತ್ತದೆ. ಅಂಥ ಮರ ಒಣಗಿದಾಗ ಬತ್ತಿದ ಕೆರೆಯಂಗಳದಂತೆ ಚೌಕ ಚೌಕವಾಗಿ ಸೀಳುತ್ತದೆ. ಒಣಗಿದ ಮೇಲೆ ಕಂಡವರು ಅದಕ್ಕೆ ಇಂಗ್ಲಿಷಿನಲ್ಲಿ ಡ್ರೈ ರಾಟ್ ಎಂದು ಹೆಸರಿಟ್ಟರು, ಆ ಹೆಸರು ಇಂದಿಗೂ ಜನರನ್ನು ದಾರಿ ತಪ್ಪಿಸುತ್ತಿದೆ. ಒಣ ಮರ ಕುಂಬಾಗುವುದಿಲ್ಲ. ತೇವ ಆರಿದರೆ ಕುಂಬು ಅಲ್ಲಿಗೇ ನಿಲ್ಲುತ್ತದೆ, ಆದರೆ ತಿಂದು ಮುಗಿಸಿದ ಮರಕ್ಕೆ ಹಳೆಯ ಬಲ ಮರಳುವುದಿಲ್ಲ.

ಸೋರಿಕೆ ಕಂಡಾಗ ಹೆಚ್ಚಿನ ಮಾಲೀಕರು ಒಂದು ಟ್ಯೂಬ್ ಸಿಲಿಕೋನ್ ತಂದು ಕಂಡ ಕಂಡ ಸಂದಿಗೆಲ್ಲ ಬಳಿಯುತ್ತಾರೆ. ಹಳೆಯ ಗಾಡಿಗೆ ಮಾಡಬಹುದಾದ ಅತಿ ದೊಡ್ಡ ಅನ್ಯಾಯ ಅದೇ. ಕೊಳೆ ಕೂತ ಮೈಗೆ ಅದು ಹಿಡಿಯದೆ ಅಂಚಿನಲ್ಲಿ ಏಳುತ್ತದೆ. ಕಿತ್ತರೂ ಅದರ ಜಿಡ್ಡು ಉಳಿದು, ಮುಂದೆ ಹಚ್ಚುವ ಯಾವ ಅಂಟೂ ನಿಲ್ಲದಂತೆ ಮಾಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನೀರು ಒಳಬರುವ ಒಂದು ದಾರಿ ತೆರೆದೇ ಇದ್ದು, ಹೊರಹೋಗುವ ದಾರಿಗಳಷ್ಟೇ ಮುಚ್ಚಿಹೋಗುತ್ತವೆ. ಗೋಡೆ ಒಳಗೊಳಗೇ ಬೇಯುತ್ತದೆ.

ತೂತು ಪತ್ತೆ ಮಾಡುವ ಹಳೆಯ ದಾರಿ ಇಬ್ಬರ ಕೆಲಸ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗೆ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ಮೆಲ್ಲಗೆ ಮೇಲೇರಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಸಂದುಗಳನ್ನೂ ಒಟ್ಟಿಗೆ ತೋಯಿಸಿ ಲೆಕ್ಕ ತಪ್ಪಿಸುತ್ತದೆ. ಇನ್ನೊಂದು ಉಪಾಯ ಇದಕ್ಕಿಂತ ಸೊಗಸು. ಚಾವಣಿಯ ಗಾಳಿಕಿಂಡಿಗೆ ಬ್ಲೋವರ್ ಕೂರಿಸಿ, ಬಾಗಿಲು ಕಿಟಕಿ ಮುಚ್ಚಿ, ಒಳಕ್ಕೆ ಗಾಳಿ ತುಂಬುತ್ತಾರೆ. ಹೊರಗೆ ಬೀಡಿಂಗಿನುದ್ದಕ್ಕೂ ಸೋಪಿನ ನೀರು ಸಿಂಪಡಿಸುತ್ತಾರೆ. ಗಾಡಿಯ ಮೈ ಒಂದು ಕ್ಷಣ ಸುಮ್ಮನಿರುತ್ತದೆ. ಆಮೇಲೆ ಎಡ ತುದಿಯ ದೀಪದ ಬುಡದಲ್ಲಿ, ಕಿಟಕಿಯ ಮೇಲಿನ ಮೂಲೆಯಲ್ಲಿ, ಯಾರೂ ಅನುಮಾನಿಸದ ಏಣಿಯ ಕಾಲಿನ ಸ್ಕ್ರೂ ಬಳಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿ ನೋಡುವ ವಿದ್ಯೆಯೇ ಇದು. ಗುಳ್ಳೆ ಎದ್ದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿಕೊಂಡರೆ ಒಂದು ಮಧ್ಯಾಹ್ನದಲ್ಲಿ ನಕ್ಷೆ ಸಿದ್ಧ.

ಎರಡು ಸೂಜಿಗಳ ತೇವಮಾಪಕವೂ ಬೇಕು. ಸೂಜಿಗಳ ನಡುವೆ ಮರ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದರಿಂದ ಅದು ತೇವ ಹೇಳುತ್ತದೆ. ಮರೆಯಲ್ಲಿರುವ ಸ್ಟೇಪಲ್ ಪಿನ್ನಿಗೆ ತಗಲಿದರೆ ಸುಳ್ಳು ಹೇಳುತ್ತದೆ, ಆದ್ದರಿಂದ ಅಕ್ಕಪಕ್ಕ ನಾಲ್ಕು ಕಡೆ ಚುಚ್ಚಿ ನೋಡುವುದೇ ಸರಿ. ಬ್ರಿಟನ್ನಿನಲ್ಲಿ ಮೋಟಾರ್‌ಹೋಮುಗಳ ವಾರ್ಷಿಕ ತಪಾಸಣೆಯಲ್ಲೇ ಈ ತೇವ ಪರೀಕ್ಷೆ ಸೇರಿದೆ. ಅಮೆರಿಕದ ಮಾಲೀಕರೂ ಆ ಪದ್ಧತಿ ಹಿಡಿದಿದ್ದರೆ ಎಷ್ಟೋ ಗಾಡಿಗಳು ಗುಜರಿಗೆ ಹೋಗದೆ ಉಳಿಯುತ್ತಿದ್ದವು.

ಆಮೇಲಿನದು ಬಡಗಿ ಕೆಲಸ. ಬೀಡಿಂಗ್ ಬಿಚ್ಚಿ, ಒಳಗಿನ ಪ್ಲೈವುಡ್ ಕಿತ್ತು, ಒದ್ದೆ ಉಣ್ಣೆ ಎಸೆದು, ಫ್ಯಾನ್ ಹಚ್ಚಿ ದಿನಗಟ್ಟಲೆ ಒಣಗಿಸಬೇಕು. ಬಿಚ್ಚುವ ಮುಂಚೆ ಪ್ರತಿ ಹಂತದ ಫೋಟೊ ತೆಗೆದಿಟ್ಟುಕೊಂಡವರು ಮುಂದೆ ಸುಖಪಡುತ್ತಾರೆ. ಕುಂಬಾದ ರೀಪರನ್ನು ಗಟ್ಟಿ ಮರ ಸಿಗುವವರೆಗೆ, ಅದಕ್ಕಿಂತ ಒಂದಿಷ್ಟು ಆಚೆಗೂ ಕತ್ತರಿಸಿ, ಹೊಸ ತುಂಡನ್ನು ಪಕ್ಕಕ್ಕೆ ಸೇರಿಸಿ ಅಂಟು, ಸ್ಕ್ರೂ ಎರಡರಿಂದಲೂ ಬಿಗಿಯಬೇಕು. ಉಳಿದ ಹಳೆಯ ಮರಕ್ಕೆ ಬೋರೇಟ್ ದ್ರಾವಣ ಕುಡಿಸಿದರೆ ಶಿಲೀಂಧ್ರ ಮತ್ತೆ ತಲೆಯೆತ್ತುವುದು ಕಷ್ಟ. ಮೆತ್ತಗಾದ ಮರಕ್ಕೆ ನೀರಿನಂಥ ಎಪಾಕ್ಸಿ ಸುರಿದು ಗಟ್ಟಿ ಮಾಡುವವರಿದ್ದಾರೆ. ಕಪಾಟಿನ ಅಂಚು, ಕಿಟಕಿಯ ಮೂಲೆಯಂಥ ಭಾರ ಹೊರದ ಕಡೆ ಅದು ಸರಿ. ಅಟ್ಟದ ಭಾರ ಹೊರುವ ತೊಲೆಗೆ ಅದನ್ನು ನಂಬಿ ಮಕ್ಕಳನ್ನು ಮೇಲೆ ಮಲಗಿಸುವುದು ತಪ್ಪು.

ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಕುಂಬಾಗದ ಮರ ಬೇಕೆಂದು ರಾಸಾಯನಿಕ ಕುಡಿಸಿದ ಹಸಿರು ಛಾಯೆಯ ಮರ ತಂದು ಹಾಕುವವರಿದ್ದಾರೆ. ಅಲ್ಲಿ ಈಗ ಸಿಗುವ ಅಂಥ ಮರದಲ್ಲಿ ತಾಮ್ರದ ಅಂಶ ಹೆಚ್ಚು. ತೇವ ತಗಲಿದಾಗ ಆ ತಾಮ್ರ ಅಲ್ಯೂಮಿನಿಯಂ ತಗಡನ್ನು ತಿನ್ನುತ್ತದೆ. ಸಾದಾ ಒಣ ಮರವೇ ಲೇಸು.

ಮುಚ್ಚುವಾಗ ಪುಟ್ಟಿಯ ಬದಲು ಬ್ಯುಟೈಲ್ ಟೇಪ್ ಇಡಬೇಕು. ಬೂದು ಬಣ್ಣದ, ಚೂಯಿಂಗ್ ಗಮ್ಮಿನಂಥ ಪಟ್ಟಿ ಅದು. ಎಷ್ಟೋ ವರ್ಷ ಗಟ್ಟಿಯಾಗದೆ, ತಗಡು ಅಲುಗಿದಾಗ ತಾನೂ ಅಲುಗುತ್ತದೆ. ಬೀಡಿಂಗಿನ ಎರಡೂ ಅಂಚಿನಿಂದ ಒಂದೇ ಸಮನೆ ಉಕ್ಕಿ ಬರುವಷ್ಟು ಸ್ಕ್ರೂ ಬಿಗಿದು, ಒಂದೆರಡು ದಿನ ಬಿಸಿಲಿಗೆ ಬಿಟ್ಟು, ಮತ್ತೊಮ್ಮೆ ಬಿಗಿದು, ಉಕ್ಕಿದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಸವರಬೇಕು. ಉಕ್ಕದೆ ಉಳಿದ ಜಾಗವೇ ಮುಂದಿನ ಸೋರಿಕೆಯ ಜಾಗ. ಚಾವಣಿಯ ಮೇಲೆ ತಾನಾಗಿ ಹರಡಿ ಸಮವಾಗುವ ಸೀಲಂಟ್ ಬೇರೆ ಇದೆ. ರಬ್ಬರ್ ಚಾವಣಿಯಿದ್ದರೆ ಅದನ್ನು ಪೆಟ್ರೋಲ್, ಸೀಮೆಎಣ್ಣೆಯಂಥವುಗಳಿಂದ ಒರೆಸಲೇಬಾರದು, ರಬ್ಬರ್ ಊದಿಕೊಳ್ಳುತ್ತದೆ.

ಎಲ್ಲ ಗಾಡಿಗಳೂ ಒಂದೇ ಬಗೆಯಲ್ಲಿ ಕೆಡುವುದಿಲ್ಲ. ಅಯೋವಾದ ಫಾರೆಸ್ಟ್ ಸಿಟಿಯಲ್ಲಿ 1966ರಿಂದ ಮೋಟಾರ್‌ಹೋಮ್ ತಯಾರಿಸುತ್ತಿರುವ ವಿನೆಬೇಗೊ ಕಂಪನಿ ಫೋಮಿನ ಎರಡೂ ಬದಿಗೆ ತೆಳು ಹಾಳೆ ಅಂಟಿಸಿದ ಗೋಡೆಯನ್ನು ರೂಢಿಗೆ ತಂದಿತು. ಇಂಥ ಅಂಟಿಸಿದ ಗೋಡೆಗೆ, ಅದರಲ್ಲೂ ಫೈಬರ್‌ಗ್ಲಾಸ್ ಹೊದಿಕೆಯದಕ್ಕೆ, ನೀರು ಹೊಕ್ಕರೆ ಅಂಟು ಬಿಟ್ಟು ಹೊರಮೈ ಬೊಕ್ಕೆಯಂತೆ ಉಬ್ಬುತ್ತದೆ. ಸೂಜಿಯಲ್ಲಿ ಅಂಟು ಹಾಕಿ ಒತ್ತಿ ಕೂರಿಸಿದ ರಿಪೇರಿ ಬಾಳುವುದು ಅಪರೂಪ. ಜನರಲ್ ಮೋಟರ್ಸ್ 1973ರಿಂದ 1978ರವರೆಗೆ ಮಾಡಿದ ಜಿಎಂಸಿ ಮೋಟಾರ್‌ಹೋಮಿನ ಚೌಕಟ್ಟು ಅಲ್ಯೂಮಿನಿಯಂನದು. ಕಿಟಕಿ ಸೋರಿದರೂ ಗೋಡೆ ಕುಸಿಯಲಿಲ್ಲ, ಅದಕ್ಕೇ ಅಭಿಮಾನಿಗಳು ಇಂದಿಗೂ ಅದನ್ನು ಓಡಿಸುತ್ತಿದ್ದಾರೆ. ಒಹಾಯೊದ ಜಾಕ್ಸನ್ ಸೆಂಟರಿನ ಏರ್‌ಸ್ಟ್ರೀಮ್ ಟ್ರೇಲರಿನ ಬೆಳ್ಳಿ ಮೈಗೆ ಎಷ್ಟೇ ಹೆಸರಿದ್ದರೂ ಅದರ ಹಳೆಯ ಮಾದರಿಗಳ ನೆಲ ಪ್ಲೈವುಡ್. ಅವುಗಳಲ್ಲಿ ಹಿಂಬದಿಯ ಅಂಚಿನ ನೆಲ ಲಡ್ಡಾಗಿ, ಮೈಗೂ ಚಾಸಿಗೂ ಇದ್ದ ಹಿಡಿತವೇ ತಪ್ಪಿರುವುದುಂಟು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲೂ ಬಾಡಿಗೆ ಗಾಡಿಯಲ್ಲಿ ಯೆಲ್ಲೊಸ್ಟೋನ್ ನೋಡಿಬಂದು, ಸ್ವಂತಕ್ಕೊಂದು ಹಳೆಯದು ಇರಲಿ ಎಂಬ ಆಸೆ ಹಚ್ಚಿಕೊಂಡವರಿದ್ದಾರೆ. ಅಂಥವರಲ್ಲಿ ಈ ಅಂಕಣದ ವಿನಂತಿ ಇಷ್ಟೆ. ಗಾಡಿ ನೋಡಲು ಜೋರು ಮಳೆ ಬಿದ್ದ ಮರುದಿನವೇ ಹೋಗಿ. ಮಾಲೀಕರ ಅನುಮತಿ ಕೇಳಿ ಅಟ್ಟದ ಹಾಸಿಗೆ ಎತ್ತಿ, ನಾಲ್ಕೂ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಕಪಾಟುಗಳ ಬಾಗಿಲು ತೆಗೆದು ಮೂಸಿ ನೋಡಿ. ಎಂಜಿನ್ ಚಾಲೂ ಮಾಡಿಸುವುದು ಅದಾದ ಮೇಲಿರಲಿ.