ಬರೆಯಿಸಿದ ಸಂಪಾದಕ

ಸಂಪಾದಕನನ್ನು ಅವನು ಬರೆದುದರಿಂದ ಅಳೆಯಬೇಕೋ, ಬರೆಯಿಸಿದುದರಿಂದ ಅಳೆಯಬೇಕೋ? ಸಚಿನ್ ಚೌಧುರಿಯವರ ಮಟ್ಟಿಗೆ ಎರಡನೆಯ ಅಳತೆಯೇ ಸರಿ.

ಒಂದು ಕಾಲಕ್ಕೆ ಬಾಂಬೆ ಟಾಕೀಸ್ ಚಿತ್ರಸಂಸ್ಥೆಯ ಆಡಳಿತ ನೋಡಿಕೊಂಡಿದ್ದ ಅವರು 1949ರಲ್ಲಿ ಮುಂಬಯಿಯಲ್ಲಿ ‘ಎಕನಾಮಿಕ್ ವೀಕ್ಲಿ’ಯನ್ನು ಆರಂಭಿಸಿದರು. ಪೇಟೆಯ ಏರಿಳಿತ ತಿಳಿಯಲೆಂದು ಕಾಸು ಕೊಟ್ಟು ಕೊಂಡವನಿಗೆ ಅದೇ ಪತ್ರಿಕೆಯಲ್ಲಿ ಹಳ್ಳಿಯ ಜಾತಿ, ಜಮೀನುಗಳ ವಿಚಾರವೂ ಎದುರಾಗುತ್ತಿತ್ತು. ನಮ್ಮ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರ ಸಮಾಜರಚನೆಯನ್ನು ಕುರಿತು ಬರೆದ ಹೆಸರಾಂತ ಲೇಖನ 1951ರಲ್ಲಿ ಬೆಳಕು ಕಂಡದ್ದು ಇಲ್ಲಿಯೇ. ಪೇಟೆಯ ಧಾರಣೆಗೂ ಹೊಲದ ಬದುವಿಗೂ ನಂಟುಂಟೆಂದು ಕಂಡುಕೊಂಡದ್ದೇ ಚೌಧುರಿಯವರ ಹಿರಿಮೆ.

1965ರ ಕೊನೆಗೆ ಆ ಪತ್ರಿಕೆ ನಿಂತಿತು. ಅವರು ಎದೆಗುಂದಲಿಲ್ಲ. 1966ರ ಆಗಸ್ಟಿನಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಾಗಿ ಅದನ್ನು ಮತ್ತೆ ಕಟ್ಟಿದರು, ಡಿಸೆಂಬರಿನಲ್ಲಿ ತೀರಿಕೊಂಡರು. ಕಟ್ಟಿದವರು ಹೋದರೂ ಪತ್ರಿಕೆ ಉಳಿಯಿತು. ಸಂಪಾದಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ.

ಆದರೂ ಒಂದು ಆಕ್ಷೇಪವನ್ನು ಹೇಳದೆ ವಿಧಿಯಿಲ್ಲ. ಮೈಸೂರಿನ ಹಳ್ಳಿಯ ಬದುಕು ಅಚ್ಚಾದದ್ದು ಆ ಹಳ್ಳಿಯ ಬಹುಜನ ಓದಲಾರದ ಇಂಗ್ಲಿಷಿನಲ್ಲಿ. ಊರಿನವರ ವಿಷಯ ಊರಿನವರಿಗೇ ತಲುಪಲಿಲ್ಲ. ಈ ಕೊರತೆಯನ್ನು ಚೌಧುರಿಯವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದರಲ್ಲಿ ನಮ್ಮ ಪಾಲೂ ಇದೆ. ಕಥೆ ಕವಿತೆಗಳಿಗಾಗಿ ಲೇಖಕರ ಮನೆಬಾಗಿಲು ತಟ್ಟುವ ನಾವು, ಸಂತೆ, ಸಾಲ, ಕೂಲಿಗಳ ಬಗ್ಗೆ ಕನ್ನಡದಲ್ಲಿ ಬರೆದುಕೊಡಿರೆಂದು ಎಷ್ಟು ಮಂದಿಯನ್ನು ಕೇಳಿದ್ದೇವೆ?