ಎರಡನೇ ಮಗ್ಗುಲು

ನಮ್ಮ ಮನೆಯಲ್ಲಿ ಭಾನುವಾರದ ಕಾಫಿಯ ಲೆಕ್ಕವೇ ಬೇರೆ. ಉಳಿದ ದಿನ ಚಿಕ್ಕ ಫಿಲ್ಟರು ಸಾಕು. ಭಾನುವಾರ ಮಾತ್ರ ಅಟ್ಟದ ಮೇಲಿನ ದೊಡ್ಡದು ಕೆಳಗಿಳಿಯಬೇಕು. ಹತ್ತು ಗಂಟೆಗೆ ಸರಿಯಾಗಿ ಮೇಷ್ಟ್ರು ಬರುತ್ತಿದ್ದರು, ಅವರ ಹಿಂದೆ ಬ್ಯಾಂಕಿನವರು, ರೈಲ್ವೆಯವರು, ಒಮ್ಮೊಮ್ಮೆ ಬೆಂಗಳೂರಿನಿಂದ ಯಾರಾದರೊಬ್ಬರು. ಕಂಕುಳಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎಲ್.ಪಿ. ರೆಕಾರ್ಡುಗಳು. ನಮ್ಮವರು ಆ ಹೊತ್ತಿಗೆ ಸ್ನಾನ ಮುಗಿಸಿ, ರೆಕಾರ್ಡು ಪ್ಲೇಯರಿನ ಮುಚ್ಚಳ ಒರೆಸಿ, ಮುಳ್ಳಿನ ತುದಿಯ ಧೂಳನ್ನು ಪುಟ್ಟ ಬ್ರಷ್ಷಿನಿಂದ ತೆಗೆದು ಕಾಯುತ್ತಿದ್ದರು. ಮಕ್ಕಳಿಗೆ ಎಣ್ಣೆ ಹಚ್ಚುವಾಗಲೂ ಅವರ ಕೈ ಅಷ್ಟು ಹಗುರವಾಗಿದ್ದದ್ದನ್ನು ನಾನು ನೋಡಲಿಲ್ಲ.

ಇವರೆಲ್ಲ ಜಾಸ್ ಪ್ರಿಯರು. ಮೈಸೂರಿನಲ್ಲಿ ಇದೆಂಥ ಹುಚ್ಚು ಎಂದು ನೀವು ನಗಬಹುದು. ನಾನೂ ನಕ್ಕಿದ್ದೇನೆ. ಇಪ್ಪತ್ತೆರಡು ವರ್ಷ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರ ಮಾತು ಕೇಳಿದ ಮೇಲೆ, ಆ ಮಾತಿನ ಬಗ್ಗೆ ಒಂದು ವಿಮರ್ಶೆ ಬರೆಯುವ ಹಕ್ಕು ನನಗೂ ಬಂದಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಅವರ ಮಾತು ಬಹುಪಾಲು ಸಂಗೀತದ ಬಗ್ಗೆ ಇರುತ್ತಿರಲಿಲ್ಲ. ಇದು ಯಾವ ದೇಶದಲ್ಲಿ ಅಚ್ಚಾದ ರೆಕಾರ್ಡು, ಮೊದಲ ಅಚ್ಚೋ ಆಮೇಲಿನದೋ, ಮೊನೋನೋ ಸ್ಟೀರಿಯೋನೋ, ಕವರಿನ ಮೂಲೆ ಯಾಕೆ ಮುದುಡಿದೆ, ಎಷ್ಟು ಕೊಟ್ಟಿರಿ. ಜಪಾನಿನ ರೆಕಾರ್ಡಾದರೆ ಕವರಿನ ಸುತ್ತ ಒಂದು ಕಾಗದದ ಪಟ್ಟಿ ಇರುತ್ತದೆ. ಕಿಮೋನೋದ ನಡುಪಟ್ಟಿಯ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ, 'ಓಬಿ' ಎಂದು. ಆ ಪಟ್ಟಿ ಇದ್ದರೆ ಒಂದು ಬೆಲೆ, ಹರಿದಿದ್ದರೆ ಇನ್ನೊಂದು. ಸೀರೆಯ ಅಂಚು, ಝರಿ, ಬೆಲೆಗಳ ಬಗ್ಗೆ ನಾವು ಮಾತಾಡಿದರೆ ಅದು ಹೆಂಗಸರ ಹರಟೆ. ಇವರದು ಮಾತ್ರ ರಸಿಕತೆ!

ಆದರೂ ನ್ಯಾಯವಾಗಿ ಹೇಳಬೇಕು. ಆ ಹರಟೆಯಿಂದಲೇ ನಾನು ಕೆಲವು ಒಳ್ಳೆಯ ವಿಷಯ ಕಲಿತೆ. ಒಂದು, ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಕಥೆ. 1959ರ ಮಾರ್ಚಿಯಲ್ಲಿ ಧ್ವನಿಮುದ್ರಣ ನಡೆದಾಗ ಟೇಪಿನ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತಂತೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಹೀಗಾಗಿ ರೆಕಾರ್ಡಿನ ಮೊದಲ ಮಗ್ಗುಲಿನ ಮೂರೂ ಹಾಡುಗಳು ಸುಮಾರು ಕಾಲು ಸ್ವರದಷ್ಟು ಮೇಲೆ ಹೋಗಿದ್ದವು. 1992ರಲ್ಲಿ ಇನ್ನೊಂದು ಯಂತ್ರದ ಟೇಪಿನಿಂದ ಹೊಸದಾಗಿ ತೆಗೆಯುವವರೆಗೆ, ಮೂವತ್ಮೂರು ವರ್ಷ, ಲೋಕವೆಲ್ಲ ಅದನ್ನೇ ಸರಿ ಎಂದು ಕೇಳಿ ತಲೆದೂಗಿತು. ಮೇಷ್ಟ್ರು ಇದನ್ನು ಹೇಳಿದ ದಿನ ನಾನು ಟ್ರೇ ಹಿಡಿದುಕೊಂಡೇ, "ತಂಬೂರಿ ಇಟ್ಟುಕೊಂಡು ಕೂತಿದ್ದರೆ ಗೊತ್ತಾಗ್ತಿತ್ತು" ಎಂದೆ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಅದೇ ಸರಿ ಕಣಮ್ಮ" ಎಂದರು. ನಾನು ಹೈಸ್ಕೂಲಿನವರೆಗೆ ಪಾಠಕ್ಕೆ ಹೋಗಿ ವರ್ಣದಲ್ಲಿ ನಿಲ್ಲಿಸಿದವಳೆಂದು ಅವರಿಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಇನ್ನೊಂದು, ಜಪಾನಿನ ಕಾಫಿ ಅಂಗಡಿಗಳ ವಿಷಯ. ಇದು ನನಗೆ ತುಂಬ ಇಷ್ಟವಾದದ್ದು. ಅಲ್ಲಿ 'ಜಾಸ್ ಕಿಸ್ಸಾ' ಎನ್ನುವ ಅಂಗಡಿಗಳಿವೆ. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಮೆರಿಕದಿಂದ ಬರುವ ಒಂದು ರೆಕಾರ್ಡನ್ನು ಸಾಮಾನ್ಯರು ಕೊಳ್ಳುವಂತಿರಲಿಲ್ಲ. ಅಂಗಡಿಯವನು ಕೊಂಡಿಡುತ್ತಿದ್ದ, ಗಿರಾಕಿ ಒಂದು ಕಾಫಿಯ ದುಡ್ಡು ಕೊಟ್ಟು ಗಂಟೆಗಟ್ಟಲೆ ಕೂತು ಕೇಳುತ್ತಿದ್ದ. ಎಷ್ಟೋ ಕಡೆ ಮಾತಾಡಬಾರದೆಂಬ ಕಟ್ಟಪ್ಪಣೆ. ಬೇಕಾದ ರೆಕಾರ್ಡನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಕೆಲವು ಅಂಗಡಿಗಳಲ್ಲಿ ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ ಎಂದಾಗ ನನಗೆ ನನ್ನ ಅಜ್ಜಿಯ ಕಂದುಗಟ್ಟಿದ ಕಾಫಿ ಬಟ್ಟೆ, ಅದರ ತಳದ ಚರಟ ನೆನಪಾಯಿತು.

ಯೊಕೊಹಾಮದ 'ಚಿಗುಸ' ಇವುಗಳಲ್ಲಿ ಹಳೆಯದು. 1933ರಲ್ಲಿ ಯೊಶಿದ ಮಮೊರು ಎಂಬಾತ ತೆರೆದದ್ದು. 1943ರಲ್ಲಿ ಸರ್ಕಾರ ಇದೆಲ್ಲ ಶತ್ರುಗಳ ಸಂಗೀತ ಎಂದು ನಿಷೇಧಿಸಿತು. 1945ರ ಮೇ ತಿಂಗಳ ವಿಮಾನದಾಳಿಯಲ್ಲಿ ಅಂಗಡಿಯೂ ಅದರಲ್ಲಿದ್ದ ಸಾವಿರಾರು ರೆಕಾರ್ಡುಗಳೂ ಸುಟ್ಟುಹೋದವು. ಅವನು ಮತ್ತೆ ಮೊದಲಿನಿಂದ ಕೂಡಿಹಾಕಿದ. 1994ರಲ್ಲಿ ಅವನು ತೀರಿಕೊಂಡ ಮೇಲೆ ಅಂಗಡಿ ನಡೆಸಿದವಳು ಅವನ ತಂಗಿ, 2007ರವರೆಗೆ. ಈ ಕೊನೆಯ ಮಾತನ್ನು ನಮ್ಮ ಹಜಾರದಲ್ಲಿ ಯಾರೂ ಹೇಳಲಿಲ್ಲ. ಅದು ನನಗೆ ತಿಳಿದದ್ದು ಆಮೇಲೆ, ಓದಿ. ಹಾಗೆಯೇ ಕಾದಂಬರಿಕಾರ ಹಾರುಕಿ ಮುರಕಾಮಿ 1974ರಲ್ಲಿ 'ಪೀಟರ್ ಕ್ಯಾಟ್' ಎಂಬ ಜಾಸ್ ಅಂಗಡಿ ತೆರೆದದ್ದು ಎಲ್ಲರ ಬಾಯಲ್ಲೂ ಇದೆ. ಏಳು ವರ್ಷ ಅದನ್ನು ಅವನ ಜೊತೆ ನಡೆಸಿದವಳು ಹೆಂಡತಿ ಯೊಕೊ ಎಂಬುದು ಮಾತಿನ ನಡುವೆ ಎಲ್ಲೋ ಜಾರಿ ಹೋಗುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ಮೇಷ್ಟ್ರು ಹೋಗಿಬಿಟ್ಟರು. ಹದಿಮೂರನೆಯ ದಿನ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದಿತ್ತು. ಬ್ಯಾಂಕಿನವರು ಮೆಲ್ಲಗೆ ಅವರ ಹೆಂಡತಿಯ ಹತ್ತಿರ ಹೋಗಿ, "ಅಮ್ಮಾ, ಅವಸರವೇನಿಲ್ಲ, ರೆಕಾರ್ಡು ಕೊಡೋದಾದ್ರೆ ಹೊರಗಿನವರಿಗೆ ಕೊಡಬೇಡಿ, ನಮಗೇ ಹೇಳಿ" ಎಂದರು. ನಮ್ಮವರೂ ಪಕ್ಕದಲ್ಲೇ ನಿಂತಿದ್ದರು. ನನಗೆ ನಾಚಿಕೆಯಾಯಿತು. ಮನೆಗೆ ಬಂದ ಮೇಲೆ ಕೇಳಿದರೆ, "ಹಾಳಾಗಿ ಹೋಗಬಾರದಲ್ಲ ಅಂತ" ಎಂದರು. ಸುಳ್ಳಲ್ಲ. ಆದರೆ ಯಾವುದು ಯಾರಿಗೆ ಎಂಬ ಮಾತು ಅದಾಗಲೇ ಅವರೊಳಗೆ ನಡೆದಿತ್ತು; ಅದು ನನ್ನ ಕಿವಿಗೂ ಬಿದ್ದಿತ್ತು.

ತಿಂಗಳಾದ ಮೇಲೆ ಅಕ್ಕ ನನಗೆ ಫೋನು ಮಾಡಿದರು. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. "ಎರಡು ಬೀರು ತುಂಬ ಇದೆ. ಇದರಲ್ಲಿ ಏನಿದೆ ಅಂತ ನೀನಾದರೂ ಬಂದು ಹೇಳೇ. ಕೊಡೋದಾದ್ರೂ ಏನು ಕೊಡ್ತಿದೀನಿ ಅಂತ ಗೊತ್ತಾಗಬೇಡವಾ?" ನಲವತ್ತೊಂದು ವರ್ಷ ಆ ಮನೆಯಲ್ಲಿ ಆ ರೆಕಾರ್ಡುಗಳ ಧೂಳು ಹೊಡೆದವರು ಅವರು. ಮುಳ್ಳು ಇಡಲು ಮಾತ್ರ ಬರುತ್ತಿರಲಿಲ್ಲ. "ಗೀರು ಬೀಳುತ್ತೆ, ಮುಟ್ಟಬೇಡ ಅಂತಿದ್ರು. ನಾನೂ ಮುಟ್ಟಲಿಲ್ಲ."

ನನಗೂ ಬರುತ್ತಿರಲಿಲ್ಲ. ಮೊದಲ ಸಲ ಮುಳ್ಳು ಬಿದ್ದ ಸದ್ದಿಗೆ ಇಬ್ಬರೂ ಮೇಷ್ಟ್ರ ಫೋಟೋದ ಕಡೆ ನೋಡಿದೆವು.

ಮೊದಲು ಹಾಕಿದ್ದು 'ಜ್ಯೋತಿ'. ಹೆಸರು ನಮ್ಮದು ಅನ್ನುವ ಒಂದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಗಾಯಕಿ ಆರ್.ಎ. ರಮಾಮಣಿ, ಜೊತೆಗೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ. 1983ರಲ್ಲಿ ಜರ್ಮನಿಯಲ್ಲಿ ಮುದ್ರಿಸಿದ್ದು. ಶುರುವಿಗೆ ರಮಾಮಣಿಯವರದು ಒಬ್ಬರದೇ ದನಿ. ಯಾರೂ ಅಡ್ಡ ಬರುವುದಿಲ್ಲ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದವರು ಹಾಗೇ ಕೂತರು. "ಇದು ನಮ್ಮ ಸಂಗೀತವೇ ಅಲ್ಲವೇನೇ? ಇದನ್ನೂ ಬೀರುವಿನಲ್ಲಿ ಇಟ್ಟಿದ್ರಾ?" ನನಗೆ ಕೇಳಿದರೆ, ಸ್ಯಾಕ್ಸೋಫೋನು ಕೆಲವು ಕಡೆ ಊಟಕ್ಕೆ ಬಂದ ಅತಿಥಿಯ ಹಾಗೆ ತುಸು ಹೆಚ್ಚೇ ಸಂಕೋಚಪಡುತ್ತದೆ, ದಾಟಬೇಕಾದ ಹೊಸ್ತಿಲು ದಾಟುವುದಿಲ್ಲ. ಆದರೆ ಮರಿಯಾನೋ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತವನು. ಗಮಕವನ್ನು ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೆ ಬಡಿಸುವವನಲ್ಲ. ಆ ಸಂಕೋಚ ಕಲಿತವನ ಸಂಕೋಚ ಎಂದು ಎರಡನೇ ಸಲ ಕೇಳಿದಾಗ ಅನ್ನಿಸಿತು.

ಈ ಮರಿಯಾನೋ ಹೆಸರು ಹಿಡಿದೇ ನಾವು ತೊಶಿಕೊ ಅಕಿಯೊಶಿಯವರನ್ನು ಮುಟ್ಟಿದ್ದು. 1959ರಲ್ಲಿ ಅವನು ಮದುವೆಯಾದದ್ದು ಈಕೆಯನ್ನು, 1967ಕ್ಕೆ ಬೇರೆಯಾದರು. ಹುಟ್ಟಿದ್ದು 1929ರಲ್ಲಿ ಮಂಚೂರಿಯಾದಲ್ಲಿ. ಯುದ್ಧ ಸೋತ ಮೇಲೆ ಮನೆಮಠ ಕಳೆದುಕೊಂಡ ಸಂಸಾರ ಜಪಾನಿನ ಬೆಪ್ಪು ಊರಿಗೆ ಬಂತು. ಪಿಯಾನೋ ಕೊಳ್ಳುವ ಶಕ್ತಿ ಇಲ್ಲ. ನುಡಿಸಲು ಒಂದು ವಾದ್ಯ ಸಿಗುತ್ತದಲ್ಲ ಎಂದು ಹುಡುಗಿ ನಾಟ್ಯಮಂದಿರದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಒಬ್ಬ ರೆಕಾರ್ಡು ಸಂಗ್ರಾಹಕ ಟೆಡ್ಡಿ ವಿಲ್ಸನ್ ನುಡಿಸಿದ 'ಸ್ವೀಟ್ ಲೊರೇನ್' ಕೇಳಿಸಿದ. ಅವಳ ದಾರಿ ಅಲ್ಲಿಂದ ತಿರುಗಿತು. ಆಮೇಲೆ ಚಿಗುಸದಂಥ ಕಾಫಿ ಅಂಗಡಿಯಲ್ಲಿ ಕೂತು, ರೆಕಾರ್ಡು ಕೇಳಿ ಕೇಳಿ ಸ್ವರ ಬರೆದುಕೊಂಡು ಕಲಿತಳು. 1956ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಶಾಲೆಗೆ ಹೋದಳು. ಸಂಗ್ರಾಹಕರನ್ನು ಇಷ್ಟು ಹೊತ್ತು ಗೇಲಿ ಮಾಡಿದ ನಾನು ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕು. ಆ ಸಂಗ್ರಾಹಕ ತನ್ನ ರೆಕಾರ್ಡನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರೆ?

ಅವರ 'ಇನ್‌ಸೈಟ್ಸ್' ರೆಕಾರ್ಡು, 1976ರದು, ಮೇಷ್ಟ್ರ ಬಳಿ ಇತ್ತು. ನಮ್ಮ ಹಜಾರದಲ್ಲೂ ಎಷ್ಟೋ ಸಲ ತಿರುಗಿದ್ದೇ. ಆದರೆ ಯಾವಾಗಲೂ ಮೊದಲ ಮಗ್ಗುಲು ಮಾತ್ರ. ಅಷ್ಟರಲ್ಲಿ ಎರಡನೇ ಕಾಫಿ ಬರುತ್ತಿತ್ತು, ರೆಕಾರ್ಡು ಬದಲಾಗುತ್ತಿತ್ತು. ಎರಡನೇ ಮಗ್ಗುಲು ಪೂರ್ತಿ ಒಂದೇ ಕೃತಿ: 'ಮಿನಮಾಟ'. ಮಿನಮಾಟ ಜಪಾನಿನ ಮೀನುಗಾರರ ಊರು. ಅಲ್ಲಿನ ಕಾರ್ಖಾನೆ ಪಾದರಸದ ವಿಷವನ್ನು ಸಮುದ್ರಕ್ಕೆ ಬಿಟ್ಟು, ಮೀನು ತಿಂದ ಜನ ನಡುಗುತ್ತ, ನಾಲಿಗೆ ತೊದಲುತ್ತ ಸತ್ತರು. ತಾಯಿ ತಿಂದದ್ದು ಹೊಟ್ಟೆಯ ಕೂಸಿಗೂ ತಗಲಿತು. 1956ರಲ್ಲಿ ಆ ರೋಗ ಅಧಿಕೃತವಾಗಿ ದಾಖಲಾಯಿತು. ಕೃತಿ ಶುರುವಾಗುವುದು ಒಬ್ಬ ಹುಡುಗಿಯ ದನಿಯಿಂದ, ಆ ಊರಿನ ಹೆಸರು ಹೇಳುತ್ತ. ಹುಡುಗಿ ಯಾರೆಂದು ಕವರಿನಲ್ಲಿ ನೋಡಿದೆ: ಮಿಚಿರು ಮರಿಯಾನೋ. ಆ ಇಬ್ಬರ ಮಗಳು.

ಆಮೇಲೆ ದೊಡ್ಡ ವಾದ್ಯವೃಂದ ಏಳುತ್ತದೆ. ಒಬ್ಬರಾದ ಮೇಲೊಬ್ಬರು ಎದ್ದು ಹುರುಪಿನಿಂದ ನುಡಿಸುತ್ತಾರೆ. ಇದು ದೋಷವೆಂದೇ ನನಗೆ ಮೊದಲು ತೋರಿದ್ದು. ಸಾವಿನ ವಿಷಯ ಇಟ್ಟುಕೊಂಡು ಮದುವೆಮನೆಯ ಗದ್ದಲ ಯಾಕೆ? ಅಕ್ಕನಿಗೆ ಹಾಗೆ ಅನ್ನಿಸಲಿಲ್ಲ. "ಕಾರ್ಖಾನೆ ಬಂದಾಗ, ಕೈಗೆ ಸಂಬಳ ಬಂದಾಗ ಊರು ಹೀಗೇ ಇರುತ್ತಲ್ಲ. ನಮ್ಮ ತವರಲ್ಲಿ ನೋಡಿಲ್ಲವಾ?" ಎಂದರು. ಅವರ ತವರು ಹೊಳೆಯ ದಂಡೆ. ಕಾರ್ಖಾನೆಯ ನೀರು ಬಿದ್ದು ಮೀನು ಬೆಳ್ಳಗೆ ತೇಲಿದ್ದನ್ನು ಚಿಕ್ಕಂದಿನಲ್ಲಿ ಕಂಡವರು. ಆ ಕಿವಿಯಿಂದ ಮತ್ತೆ ಕೇಳಿದೆ. ಹುರುಪಿನ ಅಡಿಯಲ್ಲಿ ಏನೋ ಕದಡುತ್ತ ಹೋಗುತ್ತದೆ. ಆಮೇಲೆ ಜಪಾನಿನ ನೋಹ್ ನಾಟಕದ ಮಂದ್ರ ಕಂಠ, ಟಕ್ ಎಂದು ಒಂದೊಂದೇ ಬೀಳುವ ಕೈಮದ್ದಳೆ. ಎರಡು ಪೆಟ್ಟುಗಳ ನಡುವಿನ ಮೌನ ತಡೆಯಲಾಗದಷ್ಟು ಉದ್ದ. ಪರದೇಶದ ಬ್ಯಾಂಡಿನ ಮೇಲೆ ತನ್ನ ಊರಿನ ಸದ್ದನ್ನು ಚಂದಕ್ಕೆಂದು ಉದುರಿಸಿದ್ದಲ್ಲ ಅದು; ಆ ಸದ್ದು ಬರದೆ ಬೇರೆ ದಾರಿಯೇ ಇರಲಿಲ್ಲ ಎನ್ನುವ ಹಾಗೆ ಬರುತ್ತದೆ. ಹದಿನಾಲ್ಕು ಸಲ ಗ್ರ್ಯಾಮಿ ಪ್ರಶಸ್ತಿಗೆ ಹೆಸರು ಹೋಗಿ ಒಂದು ಸಲವೂ ಬರಲಿಲ್ಲವಂತೆ ಈಕೆಗೆ. ಹಜಾರಗಳು ಎಲ್ಲ ಕಡೆಯೂ ಇರುತ್ತವೆ!

ಮುಳ್ಳು ಕೊನೆಯ ಗೆರೆಯಲ್ಲಿ ಕರ್ ಕರ್ ಎನ್ನುತ್ತಿತ್ತು. ಅಕ್ಕ ತಾವೇ ಎದ್ದು ಎತ್ತಿಟ್ಟರು. ಕೈ ನಡುಗಲಿಲ್ಲ.

ದೀಪಾವಳಿಯ ಹೊತ್ತಿಗೆ ಬ್ಯಾಂಕಿನವರು ಪಟ್ಟಿ ಬರೆದುಕೊಂಡು ಹೋದರು. ಅದಕ್ಕೆ ಅಕ್ಕ ನನ್ನ ಕೈಲಿ ಉತ್ತರ ಬರೆಸಿದರು. 'ಕೈಂಡ್ ಆಫ್ ಬ್ಲೂ' ಮೇಷ್ಟ್ರ ಬಳಿ ಮೂರಿದ್ದವು, ಎರಡು ಶ್ರುತಿ ತಪ್ಪಿದವು, ಒಂದು ತಪ್ಪದ್ದು. ತಪ್ಪಿದ ಎರಡನ್ನು ಬ್ಯಾಂಕಿನವರಿಗೂ ರೈಲ್ವೆಯವರಿಗೂ ಕೊಟ್ಟರು. ಹಳೆಯ ಅಚ್ಚಿಗೇ ಬೆಲೆ ಜಾಸ್ತಿಯಾದ್ದರಿಂದ ಅವರಿಗೆ ಖುಷಿಯೇ ಆಯಿತು. ಮಿಕ್ಕದ್ದು ಸದ್ಯಕ್ಕೆ ಬೀರುವಿನಲ್ಲೇ ಇರುತ್ತದೆ, ಕೇಳಬೇಕೆನ್ನಿಸಿದವರು ಭಾನುವಾರ ಅಲ್ಲಿಗೇ ಬರಬಹುದು ಎಂದು ಬರೆಸಿದರು. "ಹೆಂಗಸರನ್ನೂ ಕರಕೊಂಡು ಬನ್ನಿ" ಎಂಬುದನ್ನು ಕೊನೆಯಲ್ಲಿ ಸೇರಿಸಿದ್ದು ನಾನು.

ಮೊದಲ ಭಾನುವಾರ ಏಳು ಜನ ಸೇರಿದ್ದೆವು. ಮಿನಮಾಟ ಮುಗಿಯುವ ತನಕ ಯಾರೂ ಏಳಬಾರದೆಂದು ಅಕ್ಕ ಹೇಳಿದ್ದರಿಂದ ಕಾಫಿಯ ಕೆಲಸ ನಮ್ಮವರ ಪಾಲಿಗೆ ಬಂತು, ಅದು ಮುಗಿದ ಮೇಲೆ. ಡಿಕಾಕ್ಷನ್ ನೀರು ನೀರಾಗಿತ್ತು. ಕುಡಿದೆವು.