ಹಾಸಿಗೆ ಎಣಿಸಿದರು, ದಾರಿ ಎಣಿಸಲಿಲ್ಲ

2017ರ ರಾಷ್ಟ್ರೀಯ ಆರೋಗ್ಯ ನೀತಿಯನ್ನು ಹೊಗಳಿದವರೂ ತೆಗಳಿದವರೂ ದುಡ್ಡಿನ ಸುತ್ತಲೇ ಜಗಳವಾಡಿದರು. ಸರ್ಕಾರದ ಆರೋಗ್ಯ ವೆಚ್ಚವನ್ನು 2025ರೊಳಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವ ಮಾತು ಕೆಲವರಿಗೆ ಸಾಕಾಯಿತು. ಖಾಸಗಿಯವರಿಂದ ಸೇವೆ ಕೊಳ್ಳುವ ಮಾತು ಉಳಿದವರನ್ನು ಕೆರಳಿಸಿತು. ಆ ವಾದ ಓದುಗರಿಗೆ ಗೊತ್ತಿದ್ದದ್ದೇ. ನಾನು ಹಿಡಿದು ನೋಡಬೇಕೆಂದಿರುವುದು ಆ ನೀತಿಯ ಒಂದು ವಾಕ್ಯವನ್ನು. ಸಾವಿರ ಜನರಿಗೆ ಎರಡು ಹಾಸಿಗೆ ಇರಬೇಕು, ಗೋಲ್ಡನ್ ಅವರ್‌ನೊಳಗೆ, ಅಂದರೆ ಜೀವ ಉಳಿಸಬಹುದಾದ ಮೊದಲ ತಾಸಿನೊಳಗೆ, ರೋಗಿ ತಲುಪುವಂತೆ ಅವು ಹಂಚಿಕೆಯಾಗಿರಬೇಕು ಎಂಬುದು ಅದರ ತಾತ್ಪರ್ಯ. ಇಡೀ ನೀತಿಯಲ್ಲಿ ಇದಕ್ಕಿಂತ ಮಾನವೀಯವಾದ ಮಾತು ನನಗೆ ಕಂಡಿಲ್ಲ. ಇಷ್ಟು ಅಲಕ್ಷ್ಯಕ್ಕೆ ಗುರಿಯಾದದ್ದೂ ಇನ್ನೊಂದಿಲ್ಲ.

ಅದನ್ನು ಜೋಯಿಡಾದಲ್ಲಿಟ್ಟು ಓದಿ. ಉತ್ತರ ಕನ್ನಡದಲ್ಲೇ ವಿಸ್ತಾರವಾದ ತಾಲೂಕು; ಜನ ಸುಮಾರು 50 ಸಾವಿರ. ವಾಕ್ಯದ ಮೊದಲರ್ಧದ ಪ್ರಕಾರ 100 ಹಾಸಿಗೆ ಸಾಕು. ತಾಲೂಕು ಕೇಂದ್ರದಲ್ಲಿ 100 ಹಾಸಿಗೆಯ ಕಟ್ಟಡ ಎದ್ದರೆ ಲೆಕ್ಕ ಚುಕ್ತಾ. ಆದರೆ ಕಾಳಿ ಹುಟ್ಟುವ ಡಿಗ್ಗಿಯ ಕಡೆಯ ಬಾಣಂತಿಗೆ ರಕ್ತಸ್ರಾವ ನಿಲ್ಲದಿದ್ದರೆ? ಅಂಥ ರಕ್ತಸ್ರಾವ ಎರಡು ತಾಸಿನೊಳಗೆ ಜೀವ ತೆಗೆಯಬಲ್ಲದು. ಮಳೆಗಾಲದಲ್ಲಿ ಹಳ್ಳ ತುಂಬಿರುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. 108ಕ್ಕೆ ಕರೆ ಹೋಗುವ ಮೊದಲೇ, ಕಂಬಳಿಯ ಜೋಲಿ ಕಟ್ಟಿ ಅವಳನ್ನು ರಸ್ತೆಗೆ ಹೊತ್ತು ತರಬೇಕು. ಗೋಲ್ಡನ್ ಅವರ್ ಅಲ್ಲೇ ಮುಗಿದಿರುತ್ತದೆ. ವಾಕ್ಯದ ಎರಡನೆಯ ಅರ್ಧ ಇರುವುದು ಇವಳಿಗಾಗಿ. ಹಾಸಿಗೆಯನ್ನು ಎಣಿಸಬಹುದು, ಟೆಂಡರ್ ಕರೆಯಬಹುದು, ಉದ್ಘಾಟಿಸಬಹುದು. ತಲುಪುವ ಹೊತ್ತಿಗೆ ಲೆಕ್ಕಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಜನ ಒಂದೆಡೆ ಕೂಡಿದಲ್ಲಿ ಆಸ್ಪತ್ರೆ ಬರುತ್ತದೆ. ದಾಂಡೇಲಿಯಲ್ಲಿ ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ ಇದೆ, ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಅವರದೇ ಆಸ್ಪತ್ರೆ ಇದೆ. ಕಾಡಿನೊಳಗೆ ಚದುರಿ ಬದುಕುವ ಕುಣಬಿಗಳನ್ನು, ಸಿದ್ದಿಗಳನ್ನು ಜನಸಂಖ್ಯೆಯ ಮಾನದಂಡ ಕಾಣುವುದೇ ಇಲ್ಲ. ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ರಿಯಾಯಿತಿಯೂ ತಲೆಯನ್ನೇ ಎಣಿಸುತ್ತದೆ.

ಇಲ್ಲಿ ನಮ್ಮ ಜಿಲ್ಲೆಯ ಗೆಳೆಯರ ಜತೆಗೂ ನನಗೆ ಜಗಳವಿದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಜಿಲ್ಲೆಯಾಚೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತ ಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಮತ್ತೆ ಜೋರಾಯಿತು. ಆ ಸಿಟ್ಟು ನ್ಯಾಯವಾದದ್ದು. ಆದರೆ ಅದು ಕರಾವಳಿಯ ನಕ್ಷೆ ಹಿಡಿದು ಬರೆದ ಬೇಡಿಕೆ. ಆಸ್ಪತ್ರೆ ಕುಮಟಾದಲ್ಲಿ ಎದ್ದರೆ ಹಳಿಯಾಳದವನಿಗೆ ಏನು ಬಂತು? ಅವನಿಗೆ ಧಾರವಾಡವೇ ಹತ್ತಿರ, ಮುಂಡಗೋಡದವನಿಗೆ ಹುಬ್ಬಳ್ಳಿ, ಜೋಯಿಡಾ ತಾಲೂಕಿನ ರಾಮನಗರದವನಿಗೆ ಬೆಳಗಾವಿ. ಜಿಲ್ಲೆಗೊಂದು ಮೆಡಿಕಲ್ ಕಾಲೇಜು ಎಂದು ಕಾರವಾರದಲ್ಲಿ ತೆರೆದರು. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಎಂಬ ಈ ನಾಲ್ಕು ತಾಲೂಕಿನ ರೋಗಿಗೆ ಅದು ಘಟ್ಟದ ಕೆಳಗೇ ಉಳಿಯಿತು. ಅಭಿಮಾನದಿಂದ ಬರೆಯುವ ಲೇಖಕರು "ನಮ್ಮ ಜಿಲ್ಲೆಗೆ" ಎಂದಾಗಲೆಲ್ಲ ಜೋಯಿಡಾ ಆ ನಮ್ಮೊಳಗೆ ಇದೆಯೇ ಎಂದು ಕೇಳಬೇಕಾಗುತ್ತದೆ.

ಆರೋಗ್ಯ ಕರ್ನಾಟಕದ 5 ಲಕ್ಷ ರೂಪಾಯಿ ರಕ್ಷಣೆ ಬಡವರಿಗೆ ದೊಡ್ಡ ಆಸರೆ, ಒಪ್ಪುತ್ತೇನೆ. ಅದು ಉಪಯೋಗಕ್ಕೆ ಬರುವುದು ರೋಗಿ ಜೀವಂತ ತಲುಪಿದರೆ. ವೈದ್ಯ ಪದವೀಧರರ ಕಡ್ಡಾಯ ಸೇವೆಗೆ 2012ರ ಕಾಯ್ದೆಯಿದೆ. ಆದರೆ ಒಂದು ವರ್ಷಕ್ಕೆ ಬಂದ ಹುಡುಗ ಡಾಕ್ಟರು ಊರುಗಳ ಹೆಸರು ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಬೇಕಾದದ್ದು ಸಣ್ಣ ಸಣ್ಣ ಕೆಲಸಗಳು: ದಿನ ತುಂಬಿದ ಗರ್ಭಿಣಿಯರು ಆಸ್ಪತ್ರೆಯ ಪಕ್ಕದಲ್ಲೇ ಉಳಿಯಲು ಕೋಣೆ, ಹಳ್ಳಗಳಾಚೆ ಮಳೆಗಾಲಕ್ಕೆಂದೇ ನಿಲ್ಲುವ ಆಂಬುಲೆನ್ಸ್, ಹಾವಿನ ವಿಷಕ್ಕೆ ಇಂಜೆಕ್ಷನ್ ಮತ್ತು ಅದನ್ನು ಕೊಡಬಲ್ಲ ನರ್ಸ್. ಇವು ಯಾವ ಪ್ರಣಾಳಿಕೆಯ ಮುಖಪುಟಕ್ಕೂ ಬರುವುದಿಲ್ಲ. ಅದಕ್ಕೂ ಮೊದಲು ಆರೋಗ್ಯ ಇಲಾಖೆ ಹಾಸಿಗೆಗಳ ಪಟ್ಟಿಯ ಪಕ್ಕದಲ್ಲಿ, ಈ ನಾಲ್ಕು ತಾಲೂಕುಗಳ ಪ್ರತಿ ಊರಿನಿಂದ ಮೊದಲ ಡಾಕ್ಟರನ್ನು ತಲುಪಲು ಎಷ್ಟು ನಿಮಿಷ ಬೇಕೆಂಬ ಪಟ್ಟಿಯನ್ನೂ ಪ್ರಕಟಿಸಲಿ. ಬೇಸಿಗೆಯದ್ದು ಬೇರೆ, ಮಳೆಗಾಲದ್ದು ಬೇರೆ.